ಎಸ್‌ಟಿ ಪಟ್ಟಿಗೆ ಕಾಯಬೇಕೆ, ಊರಿಗೆ ಬರಬೇಕೆ?

ಪ್ರಶ್ನೆ: ನಾವು ಜೇವರ್ಗಿ ತಾಲ್ಲೂಕಿನ ಕಬ್ಬಲಿಗರು. ಜರ್ಮನಿಯಲ್ಲಿ ಪಿಎಚ್‌.ಡಿ ಮುಗಿಸಿ ಅಲ್ಲೇ ಕೆಲಸದಲ್ಲಿದ್ದೇನೆ. ಕಲಬುರಗಿಯ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳುವ ಆಸೆ. ‘ನಮ್ಮವರು ಎಸ್‌ಟಿಗೆ ಸೇರಲಿ, ಆಮೇಲೆ ಬಾ, ಅಲ್ಲಿಯತನಕ ಜರ್ಮನ್ ಪೌರತ್ವ ತಗೊಂಡಿರು’ ಅಂತಾನೆ ಅಣ್ಣ. ಮಗಳು ಅಲ್ಲೇ ಹುಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ಪೌರತ್ವದ ಅರ್ಜಿಗೆ ಈಗಲೇ ಸಹಿ ಹಾಕಬೇಡಿ, ತಾಯಿ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಆದರೆ ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ನಮ್ಮದು ಹೋಗುತ್ತದೆ. ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೆ ಇಲ್ಲಿ ಬಂದು ಇರಬಹುದು, ಖಾಸಗಿ ಕೆಲಸವನ್ನೂ ಮಾಡಬಹುದು. ಆದರೆ ಸರ್ಕಾರಿ ನೇಮಕಾತಿಯಲ್ಲಿ ಸಂವಿಧಾನದ 16ನೇ ವಿಧಿಯ ಸಮಾನಾವಕಾಶ ಓಸಿಐದಾರರಿಗಿಲ್ಲ. ಮೀಸಲಾತಿಯೂ ಅಷ್ಟೇ. ಅಣ್ಣ ಹೇಳಿದಂತೆ ಮಾಡಿದರೆ, ನಾಳೆ ಎಸ್‌ಟಿ ಸಿಕ್ಕರೂ ಅದು ನಿಮ್ಮ ಪಾಲಿಗಿರುವುದಿಲ್ಲ.

ಇನ್ನು ಪಟ್ಟಿಯ ಮಾತು. ನಿಮ್ಮವರ ಬೇಡಿಕೆ ಹಳೆಯದು, ನ್ಯಾಯವಾದದ್ದು ಎಂದೇ ನನ್ನ ನಂಬಿಕೆ. ಕರ್ನಾಟಕದ ಪಟ್ಟಿಯಲ್ಲಿ ಕೋಲಿ ಢೋರ್, ಟೋಕ್ರೆ ಕೋಲಿ ಇವೆ. ಕಬ್ಬಲಿಗ, ಅಂಬಿಗ ಇಲ್ಲ. ಭೀಮಾ ದಂಡೆಯ ಮನೆಗಳಲ್ಲಿ ಅಪ್ಪನ ಶಾಲಾ ದಾಖಲೆಯಲ್ಲಿ ಅಂಬಿಗ, ಅಣ್ಣನದರಲ್ಲಿ ಕಬ್ಬಲಿಗ, ತಂಗಿಯದರಲ್ಲಿ ಕೋಲಿ ಅಂತ ಇರುವುದು ಎಷ್ಟೋ ಕಡೆ ಕಾಣುತ್ತದೆ. ಇದನ್ನು ತಹಶೀಲ್ದಾರರಾಗಲಿ ಕೋರ್ಟಾಗಲಿ ‘ಎಲ್ಲಾ ಒಂದೇ’ ಅಂತ ಬಗೆಹರಿಸುವಂತಿಲ್ಲ. ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಅದನ್ನು ಹೇಳಿದೆ. ರಾಜ್ಯದ ಶಿಫಾರಸು, ರಿಜಿಸ್ಟ್ರಾರ್ ಜನರಲ್, ಪರಿಶಿಷ್ಟ ಪಂಗಡಗಳ ಆಯೋಗ, ಕೊನೆಗೆ 342ನೇ ವಿಧಿಯಡಿ ಸಂಸತ್ತು, ಇಷ್ಟೂ ದಾಟಬೇಕು. ಪರಿವಾರ, ತಳವಾರ ಹೆಸರುಗಳು ಎಸ್‌ಟಿ ಪಟ್ಟಿಯಲ್ಲಿ ನಾಯಕದ ಜೊತೆ ಸೇರಿದ್ದೇ 2020ರಲ್ಲಿ. ಆಮೇಲೂ ಪ್ರಮಾಣಪತ್ರದ ತಕರಾರು ನಮ್ಮ ಕಲಬುರಗಿ, ಯಾದಗಿರಿಗಳಲ್ಲಿ ನಿಂತಿಲ್ಲ. ಇದಕ್ಕೆ ಗಡುವು ಇಟ್ಟುಕೊಂಡು ಬದುಕು ತಡೆಹಿಡಿಯಬೇಡಿ.

ಇವತ್ತೇ ಕೈಯಲ್ಲಿರುವುದು ಕಡಿಮೆಯೇನಲ್ಲ. ಕಬ್ಬಲಿಗರು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ, ಅಲ್ಲಿ ಉಳ್ಳವರನ್ನು ಹೊರಗಿಡುವ ಕೆನೆಪದರದ ಅಡ್ಡಿಯಿಲ್ಲ. ಅದರ ಜೊತೆಗೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ: ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75ರಷ್ಟು ಸ್ಥಳೀಯರಿಗೆ. ನೀವು ಇಲ್ಲೇ ಹುಟ್ಟಿದವರು, ಉಪವಿಭಾಗಾಧಿಕಾರಿ ಕಚೇರಿಯಿಂದ ಇದರ ಅರ್ಹತಾ ಪತ್ರ ಮಾಡಿಸಿಕೊಳ್ಳಿ. ಮುಂದಿನ ರಜೆಯಲ್ಲಿ ಬಂದಾಗ ಅಪ್ಪನ ಶಾಲಾ ದಾಖಲೆ, ನಿಮ್ಮ ಟಿ.ಸಿ ಎರಡನ್ನೂ ಹುಡುಕಿಸಿ ಇಟ್ಟುಕೊಳ್ಳಿ. ನೇಮಕಾತಿ ಅಧಿಸೂಚನೆ ಬಂದ ಮೇಲೆ ಓಡಾಡಿದರೆ ದಿನ ಸಾಲುವುದಿಲ್ಲ.

ಮಗಳ ಜನನವನ್ನು ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಿದ್ದೀರಾ? ಹುಟ್ಟಿದ ಒಂದು ವರ್ಷದೊಳಗೆ ಆಗಬೇಕು, ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅವಳಿಗೆ ಜರ್ಮನ್ ಪಾಸ್‌ಪೋರ್ಟ್ ಮಾಡಿಸಿದ್ದರೆ ಈ ದಾರಿ ಮುಚ್ಚಿದಂತೆ. ಓಸಿಐ ಮಕ್ಕಳಿಗೆ 2021ರ ಮಾರ್ಚ್ ಅಧಿಸೂಚನೆಯ ನಂತರ ವೈದ್ಯಕೀಯ, ಎಂಜಿನಿಯರಿಂಗ್‌ನಲ್ಲಿ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟುಗಳಷ್ಟೇ. ಉಳಿದೆಲ್ಲಕ್ಕಿಂತ ಮೊದಲು ಮಗಳ ನೋಂದಣಿಯ ಕೆಲಸ ಮುಗಿಸಿ.