ಸಿಮ್ ಬೀಗ ಬೇರೆ, ಬೂಟ್‌ಲೋಡರ್ ಬೀಗ ಬೇರೆ

ಪ್ರಶ್ನೆ: ಅಮೆರಿಕದಲ್ಲಿ ವೆರೈಝನ್ ಎಂಬ ಮೊಬೈಲ್ ಸೇವಾ ಕಂಪನಿಯಿಂದ ಗೂಗಲ್‌ನ ಪಿಕ್ಸೆಲ್ ಫೋನ್ ಕೊಂಡು ಕಂತುಗಳನ್ನೆಲ್ಲ ತೀರಿಸಿದ್ದೇನೆ. ಫೋನ್ ಅನ್‌ಲಾಕ್ ಆಗಿದೆ, ಬೇರೆ ಕಂಪನಿಯ ಸಿಮ್ ಕೂಡ ನಡೆಯುತ್ತಿದೆ. ಆದರೂ ಡೆವಲಪರ್ ಆಯ್ಕೆಗಳಲ್ಲಿ ‘ಓಇಎಂ ಅನ್‌ಲಾಕಿಂಗ್’ ಮಂಕಾಗಿ ಕುಳಿತಿದೆ, ಒತ್ತಿದರೆ ಅಲುಗುವುದಿಲ್ಲ. ಕಸ್ಟಮ್ ರಾಮ್ (ತಯಾರಕರದ್ದಲ್ಲದ ಆಪರೇಟಿಂಗ್ ಸಿಸ್ಟಂ) ಹಾಕುವುದು ಹೇಗೆ?

ಹಾಕಲು ಬರುವುದಿಲ್ಲ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಈ ಸಲ ಬಿಡಿಸಿ ಹೇಳಿಬಿಡುತ್ತೇನೆ.

ನಿಮ್ಮ ಫೋನಿಗಿರುವುದು ಎರಡು ಬೀಗ. ಒಂದು, ಯಾವ ಕಂಪನಿಯ ಸಿಮ್ ನಡೆಯಬೇಕು ಎಂಬುದರದು. ಅದು ತೆರೆದಿದೆ. ಇನ್ನೊಂದು, ಫೋನ್ ಏಳುವಾಗ ಯಾವ ತಂತ್ರಾಂಶವನ್ನು ನಂಬಬೇಕು ಎಂಬುದರದು; ಫೋನನ್ನು ಎಬ್ಬಿಸುವ ತಂತ್ರಾಂಶವೇ ಬೂಟ್‌ಲೋಡರ್, ಈ ಬೀಗ ಅದರದು. ‘ಓಇಎಂ ಅನ್‌ಲಾಕಿಂಗ್’ ಸ್ವಿಚ್ ಇದನ್ನು ತೆರೆಯಲು ಅನುಮತಿ ಕೊಡುವಂಥದ್ದು. ಗುಂಡಿ ಒತ್ತಿದ ಕ್ಷಣದಿಂದ ಪ್ರತಿ ಹಂತವೂ ಮುಂದಿನ ಹಂತದ ಡಿಜಿಟಲ್ ಸಹಿಯನ್ನು ತಾಳೆ ನೋಡುತ್ತದೆ. ಸಹಿ ತಯಾರಕರದ್ದಲ್ಲವಾದರೆ ಫೋನ್ ಅಲ್ಲಿಗೇ ನಿಲ್ಲುತ್ತದೆ. ಗೂಗಲ್ ತಾನೇ ನೇರವಾಗಿ ಮಾರುವ ಪಿಕ್ಸೆಲ್‌ನಲ್ಲಿ ಈ ಕಾವಲನ್ನು ಮಾಲೀಕರೇ ಸಡಿಲಿಸಬಹುದು. ವೆರೈಝನ್ ಮಾರುವ ಪಿಕ್ಸೆಲ್‌ನಲ್ಲಿ ಆ ಅವಕಾಶವಿಲ್ಲ. ಮೈ ಅದೇ, ಚಿಪ್ ಅದೇ, ಬಂದ ಬಾಗಿಲು ಮಾತ್ರ ಬೇರೆ. ಸಾಲ ತೀರಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 2016ರಲ್ಲಿ ಮೊದಲ ಪಿಕ್ಸೆಲ್‌ನ ಒಂದು ಲೋಪ ಹಿಡಿದು ಕೆಲವರು ಒಳನುಗ್ಗಿದ್ದು ನಿಜ. ಮುಂದಿನ ಭದ್ರತಾ ಅಪ್‌ಡೇಟ್ ಅದನ್ನು ಮುಚ್ಚಿತು. ಆ ಕಾಲದ ಯಾವುದೋ ವಿಡಿಯೊ ತೋರಿಸಿ ನನ್ನೊಡನೆ ವಾದಿಸಬೇಡಿ.

“ಕಾನೂನು ನಮ್ಮ ಪರ ಇದೆಯಲ್ಲ” ಎನ್ನುತ್ತೀರಿ. ಅರ್ಧ ಓದಿದ್ದೀರಿ. 2014ರ ಅಮೆರಿಕದ ಅನ್‌ಲಾಕಿಂಗ್ ಕಾಯ್ದೆ ಹೇಳುವುದು ಬೇರೆ ಮೊಬೈಲ್ ಜಾಲಕ್ಕೆ ಸೇರುವ ಹಕ್ಕನ್ನು, ಅಂದರೆ ಮೊದಲ ಬೀಗವನ್ನು. ಎರಡನೆಯದಕ್ಕೆ 2010ರಲ್ಲಿ ಹಕ್ಕುಸ್ವಾಮ್ಯ ಕಾನೂನಿನಡಿ ವಿನಾಯಿತಿ ಸಿಕ್ಕಿತು. ಮೂರು ವರ್ಷಕ್ಕೊಮ್ಮೆ ಅದರ ಮರುಪರಿಶೀಲನೆ ನಡೆಯುತ್ತದೆ. ನಿಮ್ಮ ಬೀಗವನ್ನು ನೀವೇ ಮುರಿದರೆ ಅಪರಾಧವಲ್ಲ ಎಂದಷ್ಟೇ ಅದರ ಅರ್ಥ. ಕಂಪನಿ ಕೀಲಿ ಕೊಡಲೇಬೇಕು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಜಾಲದ ಸುರಕ್ಷತೆಗಾಗಿ ಈ ಬೀಗ ಎಂಬ ಸಮಜಾಯಿಷಿಯನ್ನು ನಾನಂತೂ ನಂಬುವುದಿಲ್ಲ: ಗೂಗಲ್‌ನಿಂದ ನೇರವಾಗಿ ಕೊಂಡ ಅದೇ ಪಿಕ್ಸೆಲ್, ಬೀಗ ತೆರೆದುಕೊಂಡೇ, ಅದೇ ಜಾಲದಲ್ಲಿ ಓಡಾಡುತ್ತಿದೆಯಲ್ಲ!

ಮುಂದಿನ ಸಲ ಕೈಬದಲಾದ ಫೋನ್ ಕೊಳ್ಳುವಾಗ ಮಾರುವವರ ‘ಅನ್‌ಲಾಕ್ಡ್’ ಎಂಬ ಮಾತಿಗೆ ಮರುಳಾಗಬೇಡಿ. ಅವರು ಹೇಳುವುದು ಸಿಮ್ ವಿಷಯ. ದುಡ್ಡು ಕೊಡುವ ಮೊದಲು ಫೋನನ್ನು ರೀಸೆಟ್ ಮಾಡಿಸಿ, ವೈಫೈಗೆ ಜೋಡಿಸಿ, ಬಿಲ್ಡ್ ಸಂಖ್ಯೆಯನ್ನು ಏಳು ಸಲ ಒತ್ತಿ, ಆ ‘ಓಇಎಂ ಅನ್‌ಲಾಕಿಂಗ್’ ಸ್ವಿಚ್ ಅಲುಗುತ್ತದೆಯೇ ಎಂದು ನಿಮ್ಮ ಬೆರಳಿನಿಂದಲೇ ನೋಡಿ.

ಪ್ರಶ್ನೆ: ಹಣ ಕಟ್ಟಿದರೆ ದೂರದಿಂದಲೇ ಬೂಟ್‌ಲೋಡರ್ ತೆರೆದುಕೊಡುತ್ತೇವೆ ಎನ್ನುವವರನ್ನು ನಂಬಬಹುದೇ?

ನಂಬಿ, ಹಣ ಬೇಡವಾಗಿದ್ದರೆ. ಅವರು ಕೇಳುವ ಐಎಂಇಐ ಸಂಖ್ಯೆಯನ್ನಂತೂ (ಫೋನಿನ ಗುರುತಿನ ಸಂಖ್ಯೆ) ಕೊಡಬೇಡಿ.

ಪ್ರಶ್ನೆ: ಒಂದೇ ಕ್ಲಿಕ್ಕಿನಲ್ಲಿ ರೂಟ್ ಮಾಡುವ (ಫೋನಿನ ಪೂರ್ತಿ ಹಿಡಿತ ಕೊಡುವ) ಆ್ಯಪ್ ಯಾವುದು ಒಳ್ಳೆಯದು?

ಯಾವುದೂ ಅಲ್ಲ.

ಪ್ರಶ್ನೆ: ನನ್ನ ಸ್ಯಾಮ್‌ಸಂಗ್‌ನಲ್ಲಿ ಬೂಟ್‌ಲೋಡರ್ ತೆರೆಯಿತು, ರೂಟ್ ಮಾಡಿದೆ. ಈಗ ಹಳೆಯ ತಂತ್ರಾಂಶ ಹಾಕಿದರೆ ಎಲ್ಲವೂ ಮೊದಲಿನಂತಾಗುತ್ತದೆಯೇ?

ಇಲ್ಲ. ಸ್ಯಾಮ್‌ಸಂಗ್‌ನ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಗಾಗಿ ಚಿಪ್‌ನೊಳಗೆ ಒಂದು ಫ್ಯೂಸ್ ಇದೆ. ರೂಟ್ ಮಾಡುವಾಗ ಅದು ಸುಡುತ್ತದೆ, ಸುಟ್ಟರೆ ಸುಟ್ಟಂತೆಯೇ. ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್ ಪೇ (ಈಗಿನ ಸ್ಯಾಮ್‌ಸಂಗ್ ವಾಲೆಟ್) ಎರಡನ್ನೂ ಮರೆತುಬಿಡಿ.

ಪ್ರಶ್ನೆ: ಕಸ್ಟಮ್ ರಾಮ್ ಇರುವಾಗಲೇ ಬೂಟ್‌ಲೋಡರ್ ಮತ್ತೆ ಮುಚ್ಚಬಹುದೇ?

ಆ ರಾಮ್‌ನ ಸಹಿಯ ಕೀಲಿ ಸೇರಿಸಲು ಫೋನ್ ಬಿಡುವಂಥದ್ದಾಗಿದ್ದು, ರಾಮ್ ಕೂಡ ಅದಕ್ಕೆ ಒಗ್ಗುವಂಥದ್ದಾಗಿದ್ದರೆ, ರಾಮ್ ಮಾಡಿದವರ ಸೂಚನೆಯನ್ನು ಅಕ್ಷರಶಃ ಪಾಲಿಸಿ ಮುಚ್ಚಬಹುದು. ಉಳಿದವುಗಳಲ್ಲಿ ಬೇಡ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ನಾನೇ ಮುಚ್ಚಿದೆ; ಆ ಫೋನ್ ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.