ಬಡ ದೇಶ ಮಕ್ಕಳ ಮೇಲೆ ಹಣ ಹಾಕಿದರೆ ಲಾಭ ಇದೆಯಾ?

ರಸ್ತೆ, ಕಾರ್ಖಾನೆ ಬಿಟ್ಟು ಮಕ್ಕಳ ಮೇಲೆ ಖರ್ಚು ಮಾಡಿದರೆ ದೇಶ ಬೆಳೆಯುತ್ತಾ ಅಂತ ಕೇಳಿದ್ದೀರಿ. ಬೆಳೆಯುತ್ತದೆ. ಆದರೆ ಫಲ ಕಾಣಲು ಹದಿನೈದು, ಇಪ್ಪತ್ತು ವರ್ಷ ಬೇಕು. ಐದು ವರ್ಷಕ್ಕೊಮ್ಮೆ ಓಟು ಕೇಳುವವರಿಗೆ ಇದೇ ತಲೆನೋವು.

ಇಂಡೋನೇಷ್ಯಾ ನೋಡಿ. 1973ರಲ್ಲಿ ತೈಲದ ಬೆಲೆ ಏರಿ ಸರ್ಕಾರದ ಕೈಗೆ ದುಡ್ಡು ಬಂತು. ಕೆಲವೇ ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿದರು. ಅದೂ ಸುಮ್ನೆ ಸಮನಾಗಿ ಹಂಚಲಿಲ್ಲ. ಎಲ್ಲಿ ಜಾಸ್ತಿ ಮಕ್ಕಳು ಶಾಲೆಯಿಂದ ಹೊರಗಿದ್ದರೋ ಅಲ್ಲಿ ಜಾಸ್ತಿ ಶಾಲೆ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮುಂದೆ ಲೆಕ್ಕ ಹಾಕಿದಾಗ, ಆ ಶಾಲೆಗಳು ಸಿಕ್ಕ ವಯಸ್ಸಿನ ಹುಡುಗರು ಹೆಚ್ಚು ವರ್ಷ ಓದಿದ್ದರು. ದೊಡ್ಡವರಾದ ಮೇಲೆ ಅವರ ಸಂಬಳವೂ ಹೆಚ್ಚಿತ್ತು.

ಹದಿಹರೆಯದಲ್ಲಿ ತೊಡಕು ಬೇರೆ. ಊರಲ್ಲಿ ಪ್ರಾಥಮಿಕ ಶಾಲೆ ಇರುತ್ತದೆ, ಹೈಸ್ಕೂಲು ದೂರ. ಹುಡುಗಿಯರ ಓದು ಅಲ್ಲೇ ನಿಲ್ಲುತ್ತದೆ. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತು. ಲಾಭ ಹೆಚ್ಚು ಕಂಡದ್ದು ಶಾಲೆಗೆ 3 ಕಿ.ಮೀ. ಅಥವಾ ಅದಕ್ಕಿಂತ ದೂರ ಇದ್ದ ಹಳ್ಳಿಗಳಲ್ಲಿ. ಕರ್ನಾಟಕದಲ್ಲೂ ಎಂಟನೇ ಕ್ಲಾಸಿಗೆ ಸೈಕಲ್ ಕೊಟ್ಟದ್ದು ನೆನಪಿದೆ ಅಲ್ವಾ?

ಬಿಸಿಯೂಟವನ್ನೂ ನಾನು ಇದೇ ಲೆಕ್ಕಕ್ಕೆ ಸೇರಿಸುತ್ತೇನೆ. ಹಸಿದ ಮಗುವಿಗೆ ಮಗ್ಗಿ ತಲೆಗೆ ಹತ್ತುವುದಿಲ್ಲ.

ಒಂದು ಮಾತ್ರ ಗಮನಿಸಿ: ಓದಿದವರಿಗೆ ಊರಲ್ಲಿ ಕೆಲಸ ಇಲ್ಲದಿದ್ದರೆ ಅವರು ಬೇರೆ ಕಡೆ ಹೋಗುತ್ತಾರೆ. ಆಗ ಲಾಭ ಇನ್ನೊಬ್ಬರಿಗೆ. ಹಾಗಾಗಿ ರಸ್ತೆ, ಕಾರ್ಖಾನೆಯೂ ಬೇಕು.