ಕಾಲೇಜು ಫೆಸ್ಟ್‌ಗೆ ಚಿಪ್ಸ್ ಪ್ಯಾಕೆಟ್‌ನಲ್ಲಿ ಡ್ರೆಸ್ ಹೊಲಿಯಬಹುದಾ?

ಹೊಲಿಯಬಹುದು, ಆದರೆ ನಾನಾಗಿದ್ದರೆ ಹೊಲಿಯುತ್ತಿರಲಿಲ್ಲ. ಬಿಸಾಡಿದ ವಸ್ತುಗಳಿಂದಲೇ ಮಾಡಬೇಕು, ಪರಿಸರದ ಮೆಸೇಜ್ ಇರಬೇಕು ಅನ್ನೋದು ಥೀಮ್ ಅಂತ ಬರೆದಿದ್ದೀರಿ. ಚಿಪ್ಸ್ ಪ್ಯಾಕೆಟ್ ಅಂದರೆ ಪ್ಲಾಸ್ಟಿಕ್ ಪದರ, ಒಳಗೆ ಲೋಹದ ತೆಳು ಲೇಪ. ಮೆಷಿನ್ ಸೂಜಿ ಓಡಿದಲ್ಲೆಲ್ಲ ಸಾಲಾಗಿ ತೂತು ಬೀಳುತ್ತದೆ, ಒಮ್ಮೆ ಕೂತರೆ ಸಾಕು, ಅಂಚೆ ಚೀಟಿ ಕಿತ್ತ ಹಾಗೆ ಅದೇ ಸಾಲಲ್ಲಿ ಹರಿಯುತ್ತದೆ. ಬೆವರು ಬೇರೆ. ಅಷ್ಟು ಕಷ್ಟಪಟ್ಟು ಹೊಲಿದದ್ದು ಫೋಟೋ ತೆಗೆಸಿಕೊಂಡ ಸಂಜೆಯೇ ಗಮ್ಮು, ಟೇಪು ಮೆತ್ತಿಕೊಂಡು ಕಸಕ್ಕೆ ಹೋದರೆ ಮೆಸೇಜ್ ಎಲ್ಲಿ ಉಳಿಯಿತು?

2023ರಲ್ಲಿ ಪ್ರಧಾನಿ ಮೋದಿ ಸಂಸತ್ತಿಗೆ ಹಾಕಿಕೊಂಡು ಹೋದ, ಹಳೇ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಜಾಕೆಟ್ ನೆನಪಿದೆಯಾ, ಬೆಂಗಳೂರಲ್ಲಿ ಇಂಡಿಯನ್ ಆಯಿಲ್‌ನವರು ಕೊಟ್ಟದ್ದು? ಅದಕ್ಕೆ ಬಾಟಲಿ ಪುಡಿ ಮಾಡಿ, ಕರಗಿಸಿ, ನೂಲು ತೆಗೆಯಬೇಕು. ಅದು ಮಿಲ್ ಕೆಲಸ, ಮನೆಯದ್ದಲ್ಲ.

ನೀವು ಸುಮ್ನೆ ಬಟ್ಟೆಯನ್ನೇ ಹಿಡಿಯಿರಿ. ಪರಿಚಯದ ಟೈಲರ್ ಹತ್ತಿರ ಹೋಗಿ ಚಿಂದಿ ಕೇಳಿ, ಮೂಟೆಗಟ್ಟಲೆ ಬಿದ್ದಿರುತ್ತದೆ. ಮನೆಯ ಹಳೇ ಕಾಟನ್ ಸೀರೆ ಸಿಕ್ಕರೆ ಇನ್ನೂ ಒಳ್ಳೆಯದು. ಸೀರೆ ಸವೆಯುವುದು ಕೆಳಗಿನ ಅಂಚಲ್ಲಿ, ಸೊಂಟಕ್ಕೆ ಸಿಕ್ಕಿಸುವ ಜಾಗದಲ್ಲಿ. ಸೆರಗು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಕಿಟಕಿ ಬೆಳಕಿಗೆ ಹಿಡಿದು ನೋಡಿ, ಎಳೆ ತೆಳುವಾದ ಕಡೆ ಕತ್ತರಿಸಿ ತೆಗೆಯಿರಿ. ಹಳೇ ರೇಷ್ಮೆ ಬೇಡ, ಮಡಿಕೆಯಲ್ಲೇ ಬಿರಿಯುತ್ತದೆ.

ಹೊಲಿಗೆಗೆ ಕೌದಿ, ಅಂದರೆ ಹಳೇ ಬಟ್ಟೆಯ ಹೊದಿಕೆ, ನೋಡಿ ಕಲಿಯಿರಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆ ತುಂಡುಗಳನ್ನು ಪದರ ಪದರ ಇಟ್ಟು, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿನವರೆಗೆ ಕೈಯಲ್ಲೇ ರನ್ನಿಂಗ್ ಸ್ಟಿಚ್ ಹಾಕುತ್ತಾರೆ. ಆ ಸಾಲುಗಳೇ ಡಿಸೈನ್ ಆಗುತ್ತವೆ, ಮೆತ್ತಗಿನ ಬಟ್ಟೆಗೂ ಬಲ ಬರುತ್ತದೆ. ಅದೇ ರೀತಿ ತೋಳಿಲ್ಲದ ಒಂದು ಜಾಕೆಟ್ ಮಾಡಿ, ಒಳಗೆ ಹಳೇ ಪಂಚೆಯ ಲೈನಿಂಗ್ ಕೊಡಿ. ಫೆಸ್ಟ್ ಮುಗಿದ ಮೇಲೂ ಕ್ಲಾಸಿಗೆ ಹಾಕಿಕೊಂಡು ಹೋಗಬಹುದು, ನನಗಂತೂ ಅದೇ ನಿಜವಾದ ಸ್ಟೇಟ್‌ಮೆಂಟ್.

ಕತ್ತರಿಸುವ ಮೊದಲು ಎಲ್ಲವನ್ನೂ ಒಮ್ಮೆ ಒಗೆಯಿರಿ, ಬಣ್ಣ ಬಿಡೋ ತುಂಡು ಪಕ್ಕಕ್ಕಿಡಿ. ಪಾಲಿಯೆಸ್ಟರ್ ಜಾಸ್ತಿ ಬೆರೆಸಬೇಡಿ, ಹೊಸ ಕಾಟನ್ ಒಗೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗಲ್ಲ, ಜೋಡಿಸಿದ ಕಡೆ ಸುಕ್ಕು ಬರುತ್ತದೆ. ಗುಂಡಿ ಹಳೇ ಶರ್ಟ್‌ಗಳದ್ದೇ ಬಿಚ್ಚಿಕೊಳ್ಳಿ. ಝಿಪ್ ಬೇಕಿದ್ದರೆ ಮಾತ್ರ ಹೊಸದು ತನ್ನಿ.